ವಿದ್ಯಾನಗರದ ಚೆಸ್ ಕ್ಲಾಸ್, ಮಗಳನ್ನ ಕಳಿಸಿದ ಅನುಭವ

ಹುಬ್ಬಳ್ಳಿ ವಿದ್ಯಾನಗರದಾಗ ಮಗಳನ್ನ ಈ ಕ್ಲಾಸಿಗೆ ಹಾಕಿ ಎಂಟು ತಿಂಗಳಾತ್ರಿ, ಹೋದ ರವಿವಾರ ಧಾರವಾಡದ ಟೂರ್ನಮೆಂಟ್‌ನ್ಯಾಗ ಕರೇ ಕಾಯಿ ಹಿಡದು ಬುಡಾಪೆಸ್ಟ್ ಗ್ಯಾಂಬಿಟ್ (ಶುರುವಿಗೇ ಒಂದು ಪಾನ್, ಅಂದ್ರ ಕಾಲಾಳು, ಬಿಟ್ಟಕೊಟ್ಟು ಆಡೂ ಪದ್ಧತಿ) ಆಡಿ 8ನೇ ನಡಿಗೆ ಮೇಟ್ ಮಾಡಿ ಗೆದ್ಲು. ಎದುರಿನ ಹುಡುಗ ಪಾನ್‌ಗಳನ್ನ ಡಿ4, ಸಿ4 ಮನಿಗೆ ಆಡಿದ, ಈಕಿ 2ನೇ ನಡಿಗೇ ಇ5 ಅಂತ ಪಾನ್ ಬಿಟ್ಟಕೊಟ್ಲು. ಆಮ್ಯಾಲೆ ಅವ ಬಿ4 ಮನ್ಯಾಗಿದ್ದ ಈಕಿ ಬಿಷಪ್ ಹೊಡದ ಕೂಡ್ಲೆ ಈಕಿ ಕುದುರಿ ಡಿ3ಕ್ಕ ತಂದಿಟ್ಲು, ಇ2 ಪಾನ್‌ಲೇ ಹೊಡಿಯೂಣಂದ್ರ ಇ7ದಾಗ ನಮ್ಮ ರಾಣಿ ಕುಂತಾಳ, ಪಾನ್ ಸರದ್ರ ರಾಜಗ ಚೆಕ್, ರಾಜನ ಸುತ್ತ ಅವನವೇ ಕಾಯಿ, ಎಲ್ಲಿ ಹೋಗ್ತಾನ! ನನಗ ಕಣ್ಣಾಗ ನೀರು ಬಂತು.

ಸರ್ ಬಾಯಿಪಾಠ ಮಾಡಸಂಗಿಲ್ರಿ, ಪಾನ್ ಯಾಕ ಕೊಡಬೇಕು, ಎದುರಿನವರು ಸರಿ ಆಡಿದ್ರ ಏನ್ ಮಾಡಬೇಕು ಅನ್ನೂದನ್ನ ಬೋರ್ಡ್ ಮ್ಯಾಲೆ ತೋರಸ್ತಾರ. ರೂಮ್ ಮಾತ್ರ ಭಾಳ ಸಣ್ಣದೈತಿ, ಪಾಲಕರು ಹೊರಗ ನಿಂದರಬೇಕು. ಆದ್ರೂ ಸಣ್ಣಾಕಿನ್ನೂ ಇಲ್ಲೇ ಹಾಕಾಕತ್ತೇವಿ.