ತೋಟದ ಜೀಪಿನ ಹಿಂದಿನ ಕಮಾನು: ಪ್ಲೇಟ್ ಸೇರಿಸುವುದೋ, ಹೆಲ್ಪರೋ, ಪ್ಯಾರಾಬೋಲಿಕ್ಕೋ?

ಕಾಫಿ ಕೊಯ್ಲು ಶುರುವಾದರೆ ಸಾಕು, ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಯಾವ ಜೀಪ್ ಗ್ಯಾರೇಜಿಗೆ ಹೋದರೂ ಒಂದೇ ಮಾತು: "ಮೇಸ್ತ್ರಿ, ಹಿಂದೆ ಕೂತುಬಿಟ್ಟಿದೆ, ಇನ್ನೊಂದು ಪ್ಲೇಟ್ ಹಾಕಿಬಿಡಿ." ಕಮಾನು ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಲೀಫ್ ಸ್ಪ್ರಿಂಗ್. ಮೇಸ್ತ್ರಿ ಹಾಕುತ್ತಾರೆ. ಚೀಲ ಹೊರುವ ಮೂರು ತಿಂಗಳು ಗಾಡಿ ಸೊಗಸಾಗಿ ಓಡುತ್ತದೆ. ಮಳೆಗಾಲಕ್ಕೆ ಖಾಲಿ ಓಡಿಸುವಾಗ ಒರಳಿನಲ್ಲಿ ಕೂತ ಹಾಗೆ ಆಗುತ್ತದೆ, ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಸುತ್ತುತ್ತದೆ.

ಇಲ್ಲಿ ಹೋಲಿಸಿರುವುದು ಮಹೀಂದ್ರ ಎಂಎಂ 540 ಥರದ ಜೀಪಿನ ಹಿಂಬದಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿ ನೋಡಿದ ನಾಲ್ಕು ದಾರಿಗಳನ್ನು. ಭಾರಕ್ಕೆ 50 ಕೆ.ಜಿ.ಯ ಚೆರಿ ಚೀಲ. ಓಡಿಸಲು ಗಾಳಿಬೀಡು ಕಡೆಯ ಗುಂಡಿ ಬಿದ್ದ ಡಾಂಬರು, ಮಾಂದಲಪಟ್ಟಿಯ ಕಲ್ಲಿನ ಏರು. 2010ರಿಂದ 2020ರವರೆಗಿನ ಹಳೆಯ ಥಾರ್‌ಗೂ ಹಿಂದೆ ಪ್ಲೇಟ್ ಕಮಾನೇ ಇರುವುದರಿಂದ ಹೆಚ್ಚಿನ ಮಾತು ಅದಕ್ಕೂ ಸಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ಗೆ ಹಿಂದೆ ಕಾಯಿಲ್ (ಸುರುಳಿ ಸ್ಪ್ರಿಂಗ್), ಅದರ ಲೆಕ್ಕವೇ ಬೇರೆ.

ದುಡ್ಡು ಬಿಚ್ಚುವ ಮೊದಲು

ಕೂತ ಗಾಡಿಗಳಲ್ಲಿ ಅರ್ಧಕ್ಕರ್ಧ ಕಮಾನಿನ ತಪ್ಪೇ ಅಲ್ಲ. ಬುಷ್ ಸವೆದು ಪಿನ್ನು ಒಂದು ಕಡೆಗೆ ಒತ್ತಿದ್ದರೆ, ಶ್ಯಾಕಲ್ (ಕಮಾನಿನ ಒಂದು ತುದಿಯನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಸೇರಿಸುವ ತೂಗುಕೊಂಡಿ) ಜಾಮ್ ಆಗಿದ್ದರೆ, ಪ್ಲೇಟಿನ ನಡುವೆ ಕೆಮ್ಮಣ್ಣು ಗಟ್ಟಿಯಾಗಿ ತುಕ್ಕು ಉಬ್ಬಿದ್ದರೆ ಹೊಸ ಸೆಟ್ ಹಾಕಿದರೂ ಅದೇ ಗೋಳು. ಮೊದಲು ಸೆಟ್ ತೊಳೆಸಿ, ಟಾರ್ಚ್ ಹಿಡಿದು, ಪ್ಲೇಟುಗಳ ನಡುವಿನ ತೂತಿನಲ್ಲಿ ಹಾಯುವ ಸೆಂಟರ್ ಬೋಲ್ಟ್ ಹತ್ತಿರ ನೋಡಿ. ಪ್ಲೇಟು ಮುರಿಯುವುದು ಹೆಚ್ಚಾಗಿ ಆ ತೂತಿನಲ್ಲೇ. ಮುರಿದ ತುಂಡನ್ನು ಕೈಗೆ ತೆಗೆದುಕೊಂಡರೆ ಮುರಿತದ ಮೇಲೆ ಎರಡು ಬಣ್ಣ ಕಾಣುತ್ತವೆ: ಒಂದು ಭಾಗ ಕಂದು, ತುಕ್ಕು ಹಿಡಿದದ್ದು, ಉಳಿದದ್ದು ಬೂದುಬಣ್ಣ, ಹರಳು ಹರಳು. ಕಂದು ಭಾಗ ತಿಂಗಳುಗಟ್ಟಲೆ ಹಿಂದೆಯೇ ಬಿರುಕು ಬಿಟ್ಟಿತ್ತು, ಬೂದು ಭಾಗ ಇವತ್ತು ಮುರಿದದ್ದು. ಕಾರಣ ಬಹುತೇಕ ಸಲ ಭಾರ ಅಲ್ಲ, ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾದದ್ದು. ಅದು ಬಿಗಿಯಾಗಿದ್ದರೆ ಪ್ಲೇಟಿನ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದರೆ ಬಾಗುವಿಕೆಯೆಲ್ಲ ತೂತಿರುವ ಜಾಗಕ್ಕೇ ಬರುತ್ತದೆ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಸಮನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಾಸಿಗೆ ಹಾಕಿರುವ ಬಂಪ್ ರಬ್ಬರಿಗೂ ಹೌಸಿಂಗಿಗೂ (ಆಕ್ಸಲ್ ಶಾಫ್ಟುಗಳು ಒಳಗಿರುವ ಪೈಪು) ನಡುವೆ ಎಷ್ಟು ಜಾಗ ಇದೆ ಅಳೆಯಿರಿ. ಆಕ್ಸಲ್ ನೇರ ಮೇಲೆ ನಾಲ್ಕು ಯೂರಿಯಾ ಚೀಲ ಇಡಿ. ಈಗಿನ ಚೀಲ 45 ಕೆ.ಜಿ.ಯದು, 50 ಅಲ್ಲ. ಒಟ್ಟು 180, ಒಂದು ಕಡೆಗೆ 90. ಮತ್ತೆ ಅಳೆಯಿರಿ. 30 ಮಿ.ಮೀ. ಇಳಿಯಿತು ಅನ್ನಿ: ನಿಮ್ಮ ಸೆಟ್ಟು ಮಿಲಿಮೀಟರಿಗೆ 3 ಕೆ.ಜಿ. ತಡೆಯುತ್ತದೆ. ಹತ್ತು ಚೀಲ ಚೆರಿ ಹಾಕಿದರೆ ಒಂದು ಕಡೆಗೆ 250 ಕೆ.ಜಿ., ಇಳಿಯುವುದು 83 ಮಿ.ಮೀ. ರಬ್ಬರಿನ ಜಾಗ 75 ಇದ್ದರೆ ನಿಂತಲ್ಲೇ ಬಡಿಯಿತು. ಈ ಮೂರು ಅಂಕಿ ಕೈಯಲ್ಲಿಟ್ಟುಕೊಂಡು ಮುಂದೆ ಓದಿ. ಇವಿಲ್ಲದೆ ಪ್ಲೇಟ್ ಸೇರಿಸುವುದು ಉಪ್ಪು ನೋಡದೆ ಸಾರಿಗೆ ಉಪ್ಪು ಹಾಕಿದ ಹಾಗೆ.

ಒಂದು ಪ್ಲೇಟ್ ಹೆಚ್ಚಿಗೆ

ಎಲ್ಲರಿಗೂ ಗೊತ್ತಿರುವ, ಎಲ್ಲ ಕಡೆ ಸಿಗುವ ದಾರಿ. 6 ಮಿ.ಮೀ.ಯ ಏಳು ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಎಂಟನೆಯದು ಸೇರಿಸಿದರೆ ಬಿಗಿ ಹೆಚ್ಚುವುದು ಏಳರಲ್ಲಿ ಒಂದು ಪಾಲು, ಸುಮಾರು ನೂರಕ್ಕೆ 14. ಮೇಲಿನ ಲೆಕ್ಕದಲ್ಲಿ 83 ಹೋಗಿ 73 ಆಗುತ್ತದೆ. ರಬ್ಬರಿಗೆ ಉಳಿದದ್ದು 2 ಮಿ.ಮೀ. ಸಾಲದು ಅಂತ 8 ಮಿ.ಮೀ. ಪ್ಲೇಟು ಹಾಕಿಸುತ್ತಾರೆ. ಮೋಸ ಹೋಗುವುದು ಇಲ್ಲಿಯೇ: ದಪ್ಪ ಎರಡೇ ಮಿಲಿಮೀಟರ್ ಹೆಚ್ಚು, ಆದರೆ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಒಂದು 8ರ ಪ್ಲೇಟು 6ರ ಎರಡೂಕಾಲಿಗೂ ಮಿಗಿಲು. ಸೆಟ್ಟು ಮೂರನೇ ಒಂದರಷ್ಟು ಬಿಗಿಯಾಗಿ 83 ಹೋಗಿ 62 ಆಗುತ್ತದೆ. ಭಾರಕ್ಕೆ ಚೆಂದ, ಆದರೆ ಆ ಬಿಗಿ ಖಾಲಿ ಗಾಡಿಗೂ ಅಷ್ಟೇ ಇರುತ್ತದೆ.

ಇನ್ನೊಂದು ತೊಂದರೆ ಬಾಗು. ಹೊಸ ಪ್ಲೇಟಿನ ಬಾಗು ಹಳೆಯ ಸೆಟ್ಟಿಗಿಂತ ಜಾಸ್ತಿ ಇದ್ದರೆ ಇಡೀ ಸೆಟ್ಟನ್ನು ಅದು ಬಾಗಿಸಿ ಎತ್ತುತ್ತದೆ, ಕಣ್ಣಿನಿಂದ ಕಣ್ಣಿಗೆ (ಮೇನ್ ಪ್ಲೇಟಿನ ಎರಡು ತುದಿಯ ಸುರುಳಿ ತೂತುಗಳ ನಡುವೆ) ಉದ್ದ ಕಡಿಮೆಯಾಗುತ್ತದೆ, ಶ್ಯಾಕಲ್ಲಿನ ಕೆಳತುದಿ ಆಕ್ಸಲ್ ಕಡೆಗೆ ವಾಲುತ್ತದೆ. ಹಾಗೆ ಒಳಕ್ಕೆ ವಾಲಿದ ಶ್ಯಾಕಲ್ ಗುಂಡಿಗೆ ಬಿದ್ದಾಗ ಸಲೀಸಾಗಿ ತೂಗದೆ ತಡೆದು ನಿಲ್ಲುತ್ತದೆ. ಗಾಡಿ ಬಿಗಿ ಅಂತ ಬೈಯುವವರು ಬೈಯಬೇಕಾದ್ದು ಶ್ಯಾಕಲ್ಲಿಗೆ.

ಹಳೆಯ ಪ್ಲೇಟಿಗೇ ಮತ್ತೆ ಬಾಗು ಹೊಡೆಸುವುದಾದರೆ ತಣ್ಣಗಿರುವಾಗಲೇ ಹೊಡೆಯಬೇಕು. ಗ್ಯಾಸ್ ಹಿಡಿದು ಒಂದು ಜಾಗ ಮಾತ್ರ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಆ ಜಾಗದ ಹದ ಹೋಯಿತು. ನಾಲ್ಕು ಲೋಡಿಗೆ ಮತ್ತೆ ಚಪ್ಪಟೆ. ಹದ ಹಾಕಬೇಕಾದರೆ ಪೂರ್ತಿ ಪ್ಲೇಟು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 450–500 ಡಿಗ್ರಿಗೆ ಕಾಯಿಸುವ ಕುಲುಮೆ ಬೇಕು.

ಹೆಲ್ಪರ್

ಚೀಲವನ್ನೂ ಹೊತ್ತು, ವರ್ಷದ ಉಳಿದ ದಿನ ಪೇಟೆಗೆ, ಲೈನ್ ಮನೆಗೆ, ಶಾಲೆಗೆ ಓಡುವ ಜೀಪಿಗೆ ನಮ್ಮ ಮತ ಇದಕ್ಕೇ. 10–12 ಮಿ.ಮೀ. ದಪ್ಪದ, ಹೆಚ್ಚುಕಡಿಮೆ ಸಪಾಟಾದ, ಮೇನ್ ಪ್ಲೇಟಿನ ಮೂರನೇ ಎರಡರಷ್ಟು ಉದ್ದದ ಒಂದೇ ಪಟ್ಟಿ, ಸೆಟ್ಟಿನ ತೀರಾ ಕೆಳಗೆ. ಖಾಲಿ ಇದ್ದಾಗ ಸೆಟ್ಟು ಬಾಗಿರುವುದರಿಂದ ಹೆಲ್ಪರಿನ ತುದಿಗೂ ಮೇಲಿನ ಪ್ಲೇಟಿಗೂ ಜಾಗ ಇರುತ್ತದೆ. ಭಾರ ಬಿದ್ದು ಸೆಟ್ಟು ಸಪಾಟಾಗುತ್ತ ಬಂದಾಗ ಹೋಗಿ ಕೂರುತ್ತದೆ, ಅಲ್ಲಿಂದ ಮುಂದೆ ಎರಡೂ ಸೇರಿ ಹೊರುತ್ತವೆ.

ಅದೇ ಲೆಕ್ಕ ಹಾಕಿ ನೋಡಿ. ಮೊದಲ 40 ಮಿ.ಮೀ. ಹಳೆಯ ಸೆಟ್ಟೇ, 120 ಕೆ.ಜಿ. ಅಲ್ಲಿಗೆ ಮುಗಿಯಿತು. ಹೆಲ್ಪರ್ ಕೂತ ಮೇಲೆ ಮಿಲಿಮೀಟರಿಗೆ 5 ಕೆ.ಜಿ. ಆದರೆ ಉಳಿದ 130ಕ್ಕೆ 26 ಮಿ.ಮೀ. ಒಟ್ಟು 66. ದಪ್ಪ ಪ್ಲೇಟಿನ 62ಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ, ಖಾಲಿ ಗಾಡಿಯ ಮೆತ್ತನೆಯ ಓಟ ಮಾತ್ರ ಹಾಗೇ ಉಳಿಯಿತು.

ಹಾಕುವಾಗ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಹೌಸಿಂಗ್ ಕೆಳಗೆ ಜ್ಯಾಕ್ ಇಡಿ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಚ್ಚಿ, ಯು-ಬೋಲ್ಟ್ ತೆಗೆಯಿರಿ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಅದರ ಎರಡೂ ಪಕ್ಕ ಸೆಟ್ಟನ್ನು ಜಿ-ಕ್ಲಾಂಪಿನಲ್ಲಿ ಬಿಗಿಯಿರಿ. ಇಲ್ಲದಿದ್ದರೆ ಬಿಚ್ಚಿದ ಕ್ಷಣ ಪ್ಲೇಟುಗಳು ಚಿಮ್ಮುತ್ತವೆ, ಬೆರಳು ಹೋಗುತ್ತದೆ. ಹೆಲ್ಪರಿನ ದಪ್ಪದಷ್ಟು ಉದ್ದ ಹೆಚ್ಚಿರುವ ಹೊಸ ಸೆಂಟರ್ ಬೋಲ್ಟ್, ಹೊಸ ಯು-ಬೋಲ್ಟ್ ಬೇಕು. ಹಳೆಯ ಯು-ಬೋಲ್ಟನ್ನು ಮತ್ತೆ ಹಾಕಬೇಡಿ, ಒಮ್ಮೆ ಎಳೆದ ಮೇಲೆ ಅದರ ಹಿಡಿತ ನಂಬುವ ಹಾಗಿಲ್ಲ. ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂರಲೇಬೇಕು. ತಲೆ ತೂತಿನ ಅಂಚಿನ ಮೇಲೆ ಕೂತಿದ್ದರೆ ನಟ್ಟು ಬಿಗಿಯಾದಂತೆ ಅನಿಸುತ್ತದೆ, ಮೊದಲ ಏರಿನಲ್ಲೇ ಹೌಸಿಂಗ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ. ನಾಲ್ಕೂ ನಟ್ಟನ್ನು ಓರೆಕೋರೆಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸೆಟ್ಟಿನ ಕ್ಲಿಪ್ಪುಗಳನ್ನು ಹಳೆಯ ಪ್ಲೇಟುಗಳಿಗಷ್ಟೇ ಹಾಕಿ, ಹೆಲ್ಪರನ್ನು ಒಳಗೆ ಸೇರಿಸಬೇಡಿ. ಕ್ಲಿಪ್ಪೇ ಬೇಡ ಅಂತ ಬಿಸಾಕಿದರೆ ಗುಂಡಿಯಿಂದ ಎದ್ದಾಗ ಎಳೆತವನ್ನೆಲ್ಲ ಮೇನ್ ಪ್ಲೇಟು ಒಂದೇ ತಿನ್ನಬೇಕು, ಕಣ್ಣಿನ ಹತ್ತಿರ ಮುರಿಯುತ್ತದೆ.

ಕೊರತೆ ಎರಡು. ಕಮಾನು ಹೌಸಿಂಗ್ ಕೆಳಗಿರುವ ಜೀಪುಗಳಲ್ಲಿ ಯು-ಬೋಲ್ಟಿನ ಕೆಳತಟ್ಟೆ ಹೆಲ್ಪರಿನ ದಪ್ಪದಷ್ಟು ಇಳಿಯುತ್ತದೆ, ಅಂದರೆ ಮಾಂದಲಪಟ್ಟಿಯಂಥ ದಾರಿಯಲ್ಲಿ ಕಲ್ಲಿಗೆ ಮೊದಲು ಸಿಗುವುದು ಅದೇ. ಎರಡನೆಯದು ಸದ್ದು: ಅರೆಭಾರದಲ್ಲಿ ತುದಿ ಕೂರುತ್ತ ಏಳುತ್ತ ಟಕಟಕ ಅನ್ನುತ್ತದೆ. ಲಾರಿ ಟಯರಿನ ತುಂಡು ಕತ್ತರಿಸಿ ತುದಿಗೆ ಬೋಲ್ಟ್ ಮಾಡಿದರೆ ನಿಲ್ಲುತ್ತದೆ.

ಪ್ಯಾರಾಬೋಲಿಕ್

ಎರಡೋ ಮೂರೋ ಪ್ಲೇಟು ಮಾತ್ರ. ನಡುವೆ ದಪ್ಪ, ತುದಿಗೆ ಬರುತ್ತ ತೆಳು. ಒಂದಕ್ಕೊಂದು ತಗಲುವುದು ನಡುವಿನಲ್ಲೂ ತುದಿಯಲ್ಲೂ ಮಾತ್ರ. ಉಜ್ಜಾಟ ಇಲ್ಲದ್ದರಿಂದ ಸಣ್ಣ ಕಲ್ಲು, ಬೇರು, ಕಿತ್ತ ಡಾಂಬರು ಇವನ್ನೆಲ್ಲ ನುಂಗಿಬಿಡುತ್ತದೆ. ಖಾಲಿ ಗಾಡಿಯ ಸುಖಕ್ಕೆ ನಾಲ್ಕರಲ್ಲಿ ಇದೇ ಮೇಲು, ಅನುಮಾನ ಬೇಡ. ಪ್ಲೇಟಿನ ನಡುವೆ ಕೆಮ್ಮಣ್ಣು ಸಿಕ್ಕಿಕೊಳ್ಳುವುದೂ ಕಡಿಮೆ, ಪೈಪು ಹಿಡಿದರೆ ತೊಳೆದುಹೋಗುತ್ತದೆ.

ಆದರೆ ಹಳೆಯ ಸೆಟ್ಟಿನ ಉಜ್ಜಾಟ ಸುಮ್ಮನೆ ಇರಲಿಲ್ಲ, ಶಾಕ್ ಅಬ್ಸಾರ್ಬರಿನ ಅರ್ಧ ಕೆಲಸ ಅದೇ ಮಾಡುತ್ತಿತ್ತು. ಹಳೆಯ ಶಾಕ್ ಉಳಿಸಿಕೊಂಡು ಪ್ಯಾರಾಬೋಲಿಕ್ ಹಾಕಿದರೆ ಗಾಡಿ ಒಂದು ಗುಂಡಿಗೆ ಮೂರು ಸಲ ಕುಣಿಯುತ್ತದೆ, ತಿರುವಿನಲ್ಲಿ ವಾಲುತ್ತದೆ. ಗಟ್ಟಿ ಶಾಕ್ ಸೇರಿಸಿಯೇ ಖರ್ಚು ಲೆಕ್ಕ ಹಾಕಿ. ಈ ಸೆಟ್ಟುಗಳು ಗಾಡಿಯನ್ನು ಸ್ವಲ್ಪ ಎತ್ತುವುದೂ ಉಂಟು. ಆಗ ಶಾಕಿನ ಉದ್ದ, ಹೌಸಿಂಗಿಗೆ ಹೋಗುವ ಬ್ರೇಕ್ ಹೋಸಿನ ಉದ್ದ, ಚಕ್ರ ಪೂರ್ತಿ ಜೋತುಬಿದ್ದ ಸ್ಥಿತಿಯಲ್ಲಿ ನೋಡಬೇಕು. ಹೋಸು ಎಳೆದು ನಿಂತಿದ್ದರೆ ಗಾಡಿ ಹೊರಗೆ ಬಿಡಬೇಡಿ. ಭಾರ ನೋಡಿ ಹಿಂದಿನ ಬ್ರೇಕನ್ನು ಹೆಚ್ಚುಕಡಿಮೆ ಮಾಡುವ ವಾಲ್ವ್ ಇರುವ ಗಾಡಿಯಾದರೆ ಅದರ ಕಡ್ಡಿಯನ್ನೂ ಹೊಂದಿಸಬೇಕು; ಎತ್ತಿದ ಗಾಡಿಯನ್ನು ಅದು ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ.

ಏಳರಲ್ಲಿ ಒಂದು ಮುರಿದರೆ ಮೆಲ್ಲಗೆ ಮನೆ ಸೇರಬಹುದು. ಎರಡರಲ್ಲಿ ಒಂದು ಮುರಿದರೆ ಆ ಕಡೆ ಅರ್ಧ ಬಲ ಹೋಯಿತು. ನಾಪೋಕ್ಲಿನಲ್ಲೋ ಸುಂಟಿಕೊಪ್ಪದಲ್ಲೋ ಅಂಥ ಪ್ಲೇಟು ಹೊಡೆದುಕೊಡಿ ಅಂದರೆ ಆಗುವುದಿಲ್ಲ, ಸೆಟ್ಟೇ ತರಿಸಬೇಕು. ಆಳು, ಪ್ರವಾಸಿಗರನ್ನು ಸಾಗಿಸುವ ಜೀಪಿಗೆ ಸರಿ. ವಾರಕ್ಕೆ ನಾಲ್ಕು ದಿನ ಹತ್ತು ಚೀಲ ಹೊರುವುದಕ್ಕೆ ಬೇಡ.

ಕಮಾನನ್ನು ಹೌಸಿಂಗ್ ಮೇಲೆ ಕೂರಿಸುವುದು

ನೋಡುವವರಿಗೆ ಚೆಂದ, ಓಡಿಸುವವರಿಗೆ ತಲೆನೋವು. ಹೌಸಿಂಗ್ ಕೆಳಗಿದ್ದ ಸೆಟ್ಟನ್ನು ಮೇಲಕ್ಕೆ ತಂದರೆ ಹೌಸಿಂಗ್ ಪೈಪಿನ ದಪ್ಪ, ಸೆಟ್ಟಿನ ದಪ್ಪ, ಹೊಸ ಪ್ಯಾಡಿನ ಎತ್ತರ ಮೂರೂ ಕೂಡಿ ಗಾಡಿ ಹೆಚ್ಚುಕಡಿಮೆ 5 ಇಂಚು ಏಳುತ್ತದೆ. ಯು-ಬೋಲ್ಟ್ ತಟ್ಟೆ ಕಲ್ಲಿಗೆ ಸಿಗುವುದು ನಿಂತುಹೋಗುತ್ತದೆ, ಅದೊಂದು ಲಾಭ ನಿಜ.

ಇನ್ನು ನಷ್ಟ. ಹಿಂದಿನ ಆಕ್ಸಲಿಗೆ ತಿರುಗುವ ಬಲ ಒಯ್ಯುವ ಜೀಪಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ. 600 ಮಿ.ಮೀ. ಶಾಫ್ಟಿಗೆ 125 ಮಿ.ಮೀ. ಎತ್ತರ ಹೆಚ್ಚಿದರೆ ಕೋನ ಸುಮಾರು 12 ಡಿಗ್ರಿ ಏರುತ್ತದೆ, 50 ಮಿ.ಮೀ.ಗೆ 5 ಡಿಗ್ರಿಯೂ ಆಗುವುದಿಲ್ಲ. ಶಾಫ್ಟಿನ ಎರಡು ತುದಿಯ ಕೀಲುಗಳಾದ ಕ್ರಾಸ್‌ಗಳು ಗುನುಗುತ್ತವೆ, ಆಮೇಲೆ ಬಡಿಯುತ್ತವೆ, ಆಮೇಲೆ ಮುರಿಯುತ್ತವೆ. ಪ್ಯಾಡಿಗೆ ಟ್ಯಾಕ್ ಮಾತ್ರ ಹೊಡೆದು, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಪಿನಿಯನ್ ಮೂತಿಯನ್ನು (ಹೌಸಿಂಗಿಗೆ ಶಾಫ್ಟ್ ಸೇರುವ ಜಾಗ), ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟಿಗೆ ಸಮಾನಾಂತರ ಮಾಡಿದ ಮೇಲೇ ಪೂರ್ತಿ ವೆಲ್ಡ್ ಮಾಡಬೇಕು. ಅದೂ ಒಂದೇ ಸಲಕ್ಕೆ ಸುತ್ತ ಎಳೆದರೆ ಹೌಸಿಂಗ್ ಪೈಪ್ ಬಾಗಿ ಆಕ್ಸಲ್ ಶಾಫ್ಟ್ ಬೇರಿಂಗ್ ತಿನ್ನುತ್ತದೆ. ಒಂದಿಂಚು ಹೊಡೆದು, ಎದುರು ಬದಿಗೆ ಹೋಗಿ, ಆರಲು ಬಿಟ್ಟು ಮುಂದುವರಿಸಬೇಕು. ಇಷ್ಟೆಲ್ಲ ಮಾಡಿದರೂ ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಹೌಸಿಂಗ್ ತಿರುಚಿಕೊಂಡು ಪ್ಲೇಟು ಎಸ್ ಆಕಾರಕ್ಕೆ ಬರುತ್ತದೆ. ಅದನ್ನು ತಡೆಯಲು ಬೇರೆ ಆರ್ಮ್ ಕಟ್ಟಬೇಕು.

ಹ್ಯಾಂಡ್‌ಬ್ರೇಕ್ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವ ಹಳೆಯ ಜೀಪುಗಳಲ್ಲಂತೂ ಕ್ರಾಸ್ ಮುರಿದ ಕ್ಷಣ ಹ್ಯಾಂಡ್‌ಬ್ರೇಕೂ ಹೋಯಿತು. ಏರಿನ ನಡುವೆ, ಹಿಂದೆ ಆಳುಗಳು ಕೂತಿರುವಾಗ ಇದನ್ನು ಯೋಚಿಸಿ ನೋಡಿ.

ಚಾಸಿ ಕತ್ತರಿಸಿ ಕಾಯಿಲ್, ಲಿಂಕ್ ಕೂರಿಸುವ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಇವೆರಡೂ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಒಪ್ಪುವುದಿಲ್ಲ. ಐದಿಂಚು ಎತ್ತಿದ ಜೀಪಿಗೂ ಇದೇ ಭಯ. ಹೆಲ್ಪರ್ ಹಾಕಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ಭಾರ ಏರುವುದಿಲ್ಲ ಅನ್ನುವುದೂ ನೆನಪಿರಲಿ. ಬ್ರೇಕು, ಟಯರು, ಆಕ್ಸಲ್ ಹಳೆಯವೇ. ಹೌಸಿಂಗಿಗೂ ಚಾಸಿಗೂ ನಡುವೆ ಇಡುವ ಗಾಳಿಚೀಲ ಡಾಂಬರಿನಲ್ಲಿ ಓಡುವ ಗಾಡಿಗೆ ಒಳ್ಳೆಯದು. ಕಾಫಿ ಗಿಡದ ಕತ್ತರಿಸಿದ ಕುಳೆಗಳ ನಡುವೆ ಓಡುವ ಗಾಡಿಗೆ ಅಲ್ಲ.

ಯಾವುದೇ ಹಾಕಿ, ರಬ್ಬರ್ ಬುಷ್ ಇರುವ ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊಡಿ. ಜ್ಯಾಕಿನ ಮೇಲೆ ಜೋತುಬಿದ್ದಿರುವಾಗ ಬಿಗಿದರೆ ಇಳಿಸಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ, ಒಂದು ಮಳೆಗಾಲಕ್ಕೆ ಹರಿಯುತ್ತದೆ. ತುಕ್ಕಿಗೆ ಅಂತ ಕರಿ ಎಣ್ಣೆ ಎರಚುವುದೂ ಬೇಡ, ಬುಷ್ಷಿನ ರಬ್ಬರು ಉಬ್ಬಿ ಕೊಳೆಯುತ್ತದೆ. ಬಿಚ್ಚಿದಾಗ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿ. ಯು-ಬೋಲ್ಟಿನ ನಟ್ಟುಗಳನ್ನು 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬಿಗಿಯಿರಿ. ಆಮೇಲೆ ಜೂನ್ ಮಳೆಗೆ ಮೊದಲು, ಕೊಯ್ಲಿಗೆ ಮೊದಲು. ನಟ್ಟಿನಿಂದ ತಟ್ಟೆಯವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ ತಿರುಗಿದ್ದು ಬಗ್ಗಿ ನೋಡಿದರೇ ಕಾಣುತ್ತದೆ.