ತಿಪಟೂರಿನ ಒಂದು ಆನ್‌ಲೈನ್ ಅರ್ಜಿ ಅಂಗಡಿ: ವಿದ್ಯಾರ್ಥಿವೇತನದ ದಾರಿ ಕಾಯುತ್ತಿರುವ ತಾಯಿಯ ಅನುಭವ

ಅಂಗಡಿಗೆ ಹೆಸರಿನ ಬೋರ್ಡ್ ಇಲ್ಲ. ಗಾಜಿನ ಮೇಲೆ ‘ಇಲ್ಲಿ ಎಲ್ಲಾ ಬಗೆಯ ಆನ್‌ಲೈನ್ ಅರ್ಜಿ ಹಾಕಿಕೊಡಲಾಗುವುದು’ ಎಂದು ಅಂಟಿಸಿದ್ದಾರೆ. ಒಳಗೆ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಕೂರಲು ಮೂರು ಸ್ಟೂಲು. ನಡೆಸುವವರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಕಳೆದ ಒಂದು ವರ್ಷದಲ್ಲಿ ಕಡಿಮೆಯೆಂದರೂ ಹನ್ನೆರಡು ಸಲ ಅಲ್ಲಿಗೆ ಹೋಗಿಬಂದಿದ್ದೇನೆ. ಕಾಲೇಜು ಸೇರುವ ಮಕ್ಕಳಿರುವ ಮನೆಗಳಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಮನೆಯವರು ಒಂದೂವರೆ ಎಕರೆ ತೆಂಗು ನೋಡಿಕೊಳ್ಳುತ್ತಾರೆ. ಮಗಳಿಗೆ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ 600ಕ್ಕೆ 561 ಬಂತು. ಸಿಇಟಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಹಂಚಿಕೆಯಾಯಿತು. ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅವಳ ಪಟ್ಟಿಯಲ್ಲಿ ಅದಕ್ಕಿಂತ ಕೆಳಗಿತ್ತು. ಸೀಟು ಒಪ್ಪಿ ಶುಲ್ಕ ಕಟ್ಟುವುದೋ, ಮುಂದಿನ ಸುತ್ತಿಗೆ ಹೋಗುವುದೋ ಎಂದು ತಿಳಿಸಲು ಉಳಿದದ್ದು ಎರಡೇ ದಿನ. ಮನೆಯಲ್ಲಿ ನಾವು ನಂಬಿಕೊಂಡಿದ್ದು ಮೆರಿಟ್ ವಿದ್ಯಾರ್ಥಿವೇತನವನ್ನು. ಇಷ್ಟು ಅಂಕ ಬಂದ ಮಗುವಿಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ ಎಂಬುದು ನಮ್ಮ ಲೆಕ್ಕ.

ಮೊದಲು ಬೇರೊಂದು ಅಂಗಡಿಗೆ ಹೋಗಿದ್ದೆವು. ಅಲ್ಲಿದ್ದವನು ಅಂಕಪಟ್ಟಿ ನೋಡಿದವನೇ “ಬಂದೇ ಬರುತ್ತದೆ, ಧೈರ್ಯವಾಗಿ ಸೇರಿಸಿ” ಎಂದ. ಆ ಮಾತನ್ನು ನಂಬಿ ನಾನು ರಾತ್ರಿಯಿಡೀ ಬೆಂಗಳೂರಿನ ಕನಸು ಕಂಡೆ. ಮರುದಿನ ಸಹೋದ್ಯೋಗಿಯೊಬ್ಬರು ಈ ಅಂಗಡಿಯ ದಾರಿ ತೋರಿಸಿದರು.

ಈ ಮೇಡಂ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, “ಟೀಚರ್, ಯಾವ ವಿದ್ಯಾರ್ಥಿವೇತನ ಅಂದುಕೊಂಡು ಬಂದಿದ್ದೀರಿ?” ನನಗೆ ಗೊತ್ತಿದ್ದದ್ದು ‘ಮೆರಿಟ್‌ನದು’ ಎಂಬುದಷ್ಟೇ. ಅವರು ಕೂರಿಸಿ ಬಿಡಿಸಿ ಹೇಳಿದರು. ಕಾಲೇಜು ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಮೆರಿಟ್ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ಮಕ್ಕಳಿಗೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಕುಟುಂಬದ ಆದಾಯ 4.5 ಲಕ್ಷ ದಾಟಿರಬಾರದು. ಎಂಜಿನಿಯರಿಂಗ್ ಓದುವವರಿಗೆ ಮೊದಲ ಮೂರು ವರ್ಷ 12,000 ರೂಪಾಯಿ, ನಾಲ್ಕನೆಯ ವರ್ಷ 20,000. ವರ್ಷಕ್ಕೆ, ತಿಂಗಳಿಗಲ್ಲ. ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು ಎಂಬ ಷರತ್ತೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ. ಕಾಲೇಜಿನವರು ಪರಿಶೀಲಿಸಬೇಕು, ಆಮೇಲೆ ರಾಜ್ಯದ ಹಂತದಲ್ಲಿ ಪರಿಶೀಲನೆ, ಆಮೇಲೆ ಪಟ್ಟಿ. ನಾವು ನಿರ್ಧರಿಸಬೇಕಾದದ್ದು ಎರಡು ದಿನದಲ್ಲಿ, ಉತ್ತರ ಬರುವುದು ತಿಂಗಳುಗಳ ನಂತರ.

ನಮ್ಮ ಮನೆಯವರು ರೈತ ವಿದ್ಯಾನಿಧಿಯ ಮಾತು ತೆಗೆದರು. ಎಂಜಿನಿಯರಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ 11,000 ಎಂದು 2021ರಲ್ಲಿ ಸರ್ಕಾರ ಪ್ರಕಟಿಸಿದ ಯೋಜನೆ. “ಪಹಣಿ ಯಾರ ಹೆಸರಿನಲ್ಲಿದೆ?” ಎಂದರು ಮೇಡಂ. ಮಾವನವರು ತೀರಿಕೊಂಡು ಆರು ವರ್ಷವಾಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿಲ್ಲ. ಮನೆಯವರು ತಲೆ ತಗ್ಗಿಸಿದರು. ಮೇಡಂ ಬೈಯಲಿಲ್ಲ, “ಅದನ್ನು ಈ ವರ್ಷವೇ ಮಾಡಿಸಿಕೊಳ್ಳಿ” ಎಂದಷ್ಟೇ ಹೇಳಿದರು.

ಆಮೇಲೆ ಮಾಡಿದ ಕೆಲಸಕ್ಕಾಗಿಯೇ ನಾನು ಈ ಅಂಗಡಿಯನ್ನು ಮರೆಯಲಾರೆ. ಹಾಳಾದ ಪ್ರಿಂಟಿನ ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದರು. ಎಡಗಡೆ ‘ಕೈಯಲ್ಲಿರುವುದು’, ಬಲಗಡೆ ‘ಬರಬಹುದಾದದ್ದು’. ಮಗಳ ಹೆಸರಿನಲ್ಲಿ ತಿಂಗಳು ತಿಂಗಳು ಕಟ್ಟಿಕೊಂಡು ಬಂದ ಆರ್‌ಡಿ ಉಳಿತಾಯ 46,000 ಎಡಗಡೆಗೆ. ಸ್ತ್ರೀಶಕ್ತಿ ಸಂಘದಲ್ಲಿರುವ ನನ್ನ ಉಳಿತಾಯ 22,000 ಎಡಗಡೆಗೆ. ಹಾಸನದ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕರೆ ಉಳಿಯುವ ಹಣ ಬಲಗಡೆಗೆ. ಮನೆಯವರು “ಅಟ್ಟದ ಮೇಲೆ ಕಾಯಿ ಇದೆ” ಎಂದರು. ತಿಪಟೂರಿನವರೇ ಆದ ಮೇಡಂ ಬಿಡಲಿಲ್ಲ. “ಒಣಗಿ ಗಿಟಕಾಗಿದೆಯೋ, ಈ ಬೇಸಿಗೆಯಲ್ಲಿ ಹಾಕಿದ್ದೋ?” ಅರ್ಧ ಒಣಗಿತ್ತು, ಅರ್ಧ ಹೊಸದು. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದಲ್ಲಿ ಹತ್ತು, ಹನ್ನೊಂದು ತಿಂಗಳು ಕೂರಬೇಕು. ಒಣಗಿದ ಅರ್ಧಕ್ಕೆ ಅಂದಿನ ಮಾರುಕಟ್ಟೆ ದರದಲ್ಲಿ 45,000 ಎಂದು ಎಡಗಡೆ ಬರೆದರು, ಉಳಿದ ಅರ್ಧವನ್ನು ಬಲಗಡೆ. ಬ್ಯಾಂಕ್ ಸಾಲ ಎಂದಾಗ, “ಅದು ಎರಡೂ ಕಡೆಯದಲ್ಲ, ಅದಕ್ಕೆ ಬೇರೆ ಹಾಳೆ ಬೇಕು” ಎಂದರು. ಮೆರಿಟ್ ವಿದ್ಯಾರ್ಥಿವೇತನದ 12,000 ಬಲಗಡೆಯ ಕೊನೆಯ ಸಾಲು.

ಎಡಗಡೆ ಕೂಡಿದಾಗ 1,13,000. ಬೆಂಗಳೂರಿಗೆ ಶುಲ್ಕವೇ ಒಂದು ಲಕ್ಷದ ಮೇಲೆ, ಜೊತೆಗೆ ಪಿಜಿ ಬಾಡಿಗೆ. ಹಾಸನಕ್ಕೆ ಶುಲ್ಕ, ಊಟ, ವಸತಿ ಎಲ್ಲ ಸೇರಿ ಒಂದು ಲಕ್ಷದ ಒಳಗೆ. ಬಲಗಡೆಯದೆಲ್ಲ ಬಂದರೂ ಬೆಂಗಳೂರಿನ ಮೊದಲ ವರ್ಷವೇ ಕಷ್ಟ, ನಾಲ್ಕು ವರ್ಷದ ಮಾತು ಬೇರೆ. ಮಗಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ ಅವಳೇ “ಮುಂದಿನ ಸುತ್ತಿನಲ್ಲಿ ಹಾಸನವನ್ನು ಮೇಲೆ ಹಾಕೋಣ ಅಮ್ಮ” ಎಂದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ, ಅದನ್ನೂ ಮುಚ್ಚಿಡಲಾರೆ. ಎರಡನೆಯ ಸುತ್ತಿನಲ್ಲಿ ಹಾಸನ ಸಿಕ್ಕಿತು.

ಮಗಳು ಕಾಲೇಜು ಸೇರಿದ ಮೇಲೆ ರಜೆಗೆ ಬಂದಾಗ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಿದೆವು. ಅಲ್ಲೂ ಇವರ ಕೆಲಸ ಅಚ್ಚುಕಟ್ಟು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದನ್ನು ಕಂಡುಹಿಡಿದು ಮೊದಲೇ ಎಚ್ಚರಿಸಿದರು. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂದು ಆಧಾರ್ ಜಾಲತಾಣದಲ್ಲೇ ತೆಗೆದು ತೋರಿಸಿದರು. ಪ್ರೌಢಶಾಲೆಯಲ್ಲಿದ್ದಾಗ ತೆರೆದು ಬಿಟ್ಟಿದ್ದ, ವ್ಯವಹಾರವೇ ಇಲ್ಲದೆ ನಿಂತುಹೋದ ಖಾತೆ ಅದು! ಪಾಸ್‌ಬುಕ್ಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಸರ್ಕಾರದ ಹಣ ಹೋಗುವುದು ಆಧಾರ್ ಸೀಡಿಂಗ್ ಆದ, ಅಂದರೆ ಹಣ ಪಡೆಯಲು ಆಧಾರ್ ಜೋಡಣೆಯಾದ ಒಂದೇ ಖಾತೆಗೆ ಎಂಬುದು ನನಗೆ ಅಂದೇ ತಿಳಿದದ್ದು. ನೋಂದಣಿಗೆ ಮೊಬೈಲಿನಲ್ಲಿ ಮುಖ ತೋರಿಸಬೇಕಾಗಿತ್ತು. ಒಳಗಿನ ಮಬ್ಬು ಬೆಳಕಿನಲ್ಲಿ ಮೂರು ಸಲ ಆಗಲಿಲ್ಲ. ಮೇಡಂ ಮಗಳನ್ನು ಬಾಗಿಲ ಬಳಿ ಬಿಸಿಲಿಗೆ ನಿಲ್ಲಿಸಿ, ಹಣೆಯ ಮೇಲಿನ ಕೂದಲನ್ನು ತಾವೇ ಹಿಂದಕ್ಕೆ ಸರಿಸಿ, “ಈಗ ಕಣ್ಣು ಮಿಟುಕಿಸು ಪುಟ್ಟಿ” ಎಂದರು. ಒಂದೇ ಸಲಕ್ಕೆ ಆಯಿತು.

ಅರ್ಜಿಗೆ 100 ರೂಪಾಯಿ ತೆಗೆದುಕೊಂಡರು. “ಸರ್ಕಾರಕ್ಕೆ ಒಂದು ಪೈಸೆ ಇಲ್ಲ, ಇದು ನನ್ನ ಕೂಲಿ” ಎಂದು ಹೇಳಿಯೇ ತೆಗೆದುಕೊಂಡರು. ಸ್ಥಿತಿ ನೋಡಲು ಎಷ್ಟು ಸಲ ಹೋದರೂ ದುಡ್ಡಿಲ್ಲ. ಕೊರತೆಯೂ ಇದೆ. ಅರ್ಜಿಗಳ ಸಮಯದಲ್ಲಿ ವಿಪರೀತ ಜನ, ಟೋಕನ್ ಪದ್ಧತಿ ಇಲ್ಲ. ಕೆಲಸದಿಂದ ರಜೆ ಹಾಕಿ ಬಂದವರು ಅರ್ಧ ದಿನ ಕಾಯಬೇಕಾಗುತ್ತದೆ. ಕರೆಂಟ್ ಹೋದರೆ ಎಲ್ಲ ನಿಂತಂತೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೋಗುವುದು ಉತ್ತಮ. ಮೂಲ ದಾಖಲೆ, ಆದಾಯ ಪ್ರಮಾಣಪತ್ರದ ಮೇಲಿರುವ, ಆರ್‌ಡಿ ಎಂದು ಶುರುವಾಗುವ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಮೊಬೈಲು, ಇಷ್ಟನ್ನು ಮರೆಯಬೇಡಿ. ಮಗುವನ್ನೂ ಕರೆದುಕೊಂಡು ಹೋಗಿ.

ನಮ್ಮ ಅರ್ಜಿ ಕಾಲೇಜಿನ ಹಂತ ದಾಟಿದೆ, ಮುಂದಿನ ಸುದ್ದಿ ಇಲ್ಲ. ಮಗಳು ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾಳೆ, ಆಮೇಲೆ ಊಟದ ಮಾತು. ಆ ಹಾಳೆ ನಮ್ಮ ಬೀರುವಿನ ಬಾಗಿಲಿನ ಒಳಗಡೆ ಅಂಟಿಕೊಂಡಿದೆ. ಹೋದ ವಾರ ಮನೆಯವರು ಅಟ್ಟ ಹತ್ತಿ, ಉಳಿದಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. ಒಳಗಿನ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎನ್ನುತ್ತಿತ್ತು. ಇಳಿದು ಬಂದು, ಮಗಳ ಹಳೆಯ ಪೆನ್ನು ತೆಗೆದುಕೊಂಡು, ಬಲಗಡೆಯ ಆ ಸಾಲನ್ನು ಹೊಡೆದುಹಾಕಿ ಎಡಗಡೆ ಬರೆದರು. 12,000ದ ಸಾಲು ಇನ್ನೂ ಬಲಗಡೆಯೇ ಇದೆ.