ಕಿತ್ತಳೆ, ಕಲ್ಲು, ಲಾವಂಚ: ‘ತೆರ್ ದೆರ್ಮೆಸ್’

ಪುರುಷರ ಸುಗಂಧವೆಂದರೆ ಕ್ಷೌರದಂಗಡಿಯ ಘಾಟು ಅಥವಾ ಮೂಗು ಕಟ್ಟುವ ಸಿಹಿ ಎಂದೇ ನಂಬಿದ್ದ ನನ್ನ ಅಭಿಪ್ರಾಯವನ್ನು ಬದಲಿಸಿದ್ದು, ಫ್ರಾನ್ಸಿನ ಎರ್ಮೆಸ್ ಸಂಸ್ಥೆಗಾಗಿ ಜಾನ್-ಕ್ಲೋದ್ ಎಲೆನಾ ರೂಪಿಸಿದ, 2006ರಲ್ಲಿ ಬಿಡುಗಡೆಯಾದ ‘ತೆರ್ ದೆರ್ಮೆಸ್’.

ಮುಂಗೈಗೆ ಸಿಂಪಡಿಸಿದ ಕ್ಷಣ ಕಿತ್ತಳೆಯ ಸಿಪ್ಪೆಯನ್ನು ಮಡಚಿ ಹಿಂಡಿದಂತಹ ತುಸು ಕಹಿ ಬೆರೆತ ಪರಿಮಳ ಏಳುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಬಾಲ್ಯದಲ್ಲಿ ಕತ್ತಲೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿ ಕಿಡಿ ಹಾರಿಸಿದಾಗ ಬರುತ್ತಿದ್ದ ಸುಟ್ಟ ವಾಸನೆ ಅದರೊಳಗೆ ನುಸುಳುತ್ತದೆ. ಕಲ್ಲಿನಿಂದ ತೈಲ ತೆಗೆಯಲು ಸಾಧ್ಯವಿಲ್ಲದ ಕಾರಣ ಇದು ಪೂರ್ತಿಯಾಗಿ ಕಲಾವಿದನ ಕಲ್ಪನೆಯ ಕಲ್ಲು. ಬಳಿಕ ಮೆಣಸಿನ ಚುರುಕು, ದೇವದಾರು ಮರದ ಒಣತನ, ಕೊನೆಯಲ್ಲಿ ಲಾವಂಚ. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಲಾವಂಚದ ಬೇರು ಹಾಕಿಟ್ಟ ನೀರು ಕುಡಿದು ಬೆಳೆದವರಿಗೆ ಈ ಘಟ್ಟದಲ್ಲಿ ಪರದೇಶದ ಸೀಸೆ ದಿಢೀರನೆ ಮನೆಯದಾಗಿಬಿಡುತ್ತದೆ.

ತಯಾರಿಕೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಎಲೆನಾ ಅವರ ಮಿತವ್ಯಯ: ಸುಗಂಧಗಳ ತಳಕ್ಕೆ ಸಾಮಾನ್ಯವಾಗಿ ಬಳಸುವ ಕಸ್ತೂರಿಯ ಛಾಯೆಯನ್ನು ಕೈಬಿಟ್ಟು, ಐಸೊ ಇ ಸೂಪರ್ ಎಂಬ ಮರದ ಪರಿಮಳದ ರಾಸಾಯನಿಕವನ್ನು ಧಾರಾಳವಾಗಿ ಬಳಸಿ, ಉಳಿದ ಪರಿಮಳಗಳ ನಡುವೆ ಗಾಳಿಯಾಡಲು ಜಾಗ ಮಾಡಿದ್ದಾರೆ.

ಕೊನೆಯ ಘಟ್ಟ ತುಸು ಏಕತಾನದ್ದೆಂದು ನನಗನಿಸುತ್ತದೆ. ಕಾಗದದ ಪಟ್ಟಿಯಲ್ಲಿ ಮೂಸಿ ತೀರ್ಮಾನಿಸದೆ ಚರ್ಮದ ಮೇಲೆ ಹಾಕಿ ಅರ್ಧ ದಿನ ಕಾಯುವುದು ಒಳ್ಳೆಯದು; ರಿಯಾಯಿತಿಯ ಆಸೆಗೆ ಅಪರಿಚಿತ ಅಂಗಡಿಯೊಂದರಲ್ಲಿ ಕೊಂಡ ನಕಲಿ ಸೀಸೆಯಲ್ಲಿ ನನಗೆ ಸಿಕ್ಕಿದ್ದು ಬರೀ ಕಿತ್ತಳೆ ಪೆಪ್ಪರಮಿಂಟಿನ ವಾಸನೆ. ಎರಡು ಸಿಂಪಡಿಕೆ ಕಚೇರಿಗೆ ಸಾಕು, ಮೂರನೆಯದು ಪಕ್ಕದ ಮೇಜಿನವರಿಗೆ ಹೆಚ್ಚಾಗುತ್ತದೆ.